ಕಟ್ಟದ ಸೇತುವೆಯ ಜಾಗದಲ್ಲಿ ಗೇಟಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆದ್ದಾರಿಯಲ್ಲಿ ಲಾರಿಗಳು ಮೈಮೇಲೆ ಬಂದವರಂತೆ ನುಗ್ಗುತ್ತಿವೆ. ಕಾವಲುಗಾರರ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬರು ಕೆಂಪು ಬಟ್ಟೆ ಕಟ್ಟಿದ ಕೋಲೆತ್ತಿ ನಡುರಸ್ತೆಗೆ ಇಳಿಯುತ್ತಾರೆ. "ಕೈ ಬಿಡಬೇಡ್ರೋ! ಓಡಬೇಡಿ!" ಬ್ರೇಕುಗಳು ಕಿರುಚುತ್ತವೆ. ಶಾಲೆ ಬಸ್ಸು ನಿಲ್ಲುವ ಆಚೆ ಬದಿಗೆ ಮಕ್ಕಳ ಸಾಲು ಸೇರುತ್ತದೆ.

ಹೊಸ ಬಡಾವಣೆಯ ಮಕ್ಕಳಿಗೆ ಇವರು ಗೇಟಕ್ಕ. ಇವರ ಕೆಲಸ ಗೇಟು ಕಾಯುವುದು, ರಸ್ತೆ ದಾಟಿಸುವುದಲ್ಲ. ಮೊದಲ ಮನೆಯ ಕೀಲಿಕೈ ಕೊಡುವ ಮುನ್ನ ಹೆದ್ದಾರಿಯ ಮೇಲೆ ಪಾದಚಾರಿ ಸೇತುವೆ ಕಟ್ಟಲೇಬೇಕೆಂಬ ಷರತ್ತಿನ ಮೇಲೆಯೇ ಬಿಲ್ಡರ್‌ಗೆ ಅನುಮತಿ ಸಿಕ್ಕಿದ್ದು. ಮನೆಗಳೆಲ್ಲ ಬಿಕರಿಯಾದವು. ಎದ್ದು ನಿಂತದ್ದು ಮಾತ್ರ ಬಣ್ಣದ ದೀಪದ ಕಾರಂಜಿ! ಕೇಳಿದರೆ ಬಿಲ್ಡರ್ ನಗರಸಭೆಯತ್ತ ಬೆರಳು ತೋರುತ್ತಾನೆ, ನಗರಸಭೆ ಬಿಲ್ಡರ್‌ನತ್ತ.

ಗೇಟಕ್ಕನ ತಂಗಿ ಇದೇ ಬಡಾವಣೆಗೆ ಮನೆಗೆಲಸಕ್ಕೆ ಬರುತ್ತಿದ್ದಳು. ಹೋದ ವರ್ಷ ರಸ್ತೆ ದಾಟುವಾಗ ವ್ಯಾನೊಂದು ಹೊಡೆದು ಸೊಂಟ ಮುರಿಯಿತು. "ಗೇಟಲ್ಲೇ ಕೂತಿದ್ದೆ. ಕಣ್ಣೆದುರಿಗೇ ಆಯ್ತು. ಈಗ ಅವಳನ್ನ ಎತ್ತಿ ಕೂರಿಸ್ಬೇಕು. ಅವಳಿಗೆ ಪೆಟ್ಟಾದ ಮಾರನೇ ದಿನ ನೋಡಿದ್ರೆ ಅದೇ ಜಾಗದಲ್ಲಿ ಮಕ್ಕಳು ನಿಂತಿದ್ವು. ಹೇಗೆ ಸುಮ್ನಿರೋದು?"

"ಗೇಟು ಬಿಟ್ಟು ಹೋಗು ಅಂತ ಯಾರು ಹೇಳಿದ್ರು?" ಒಂದು ಬೆಳಿಗ್ಗೆ ಬಿಲ್ಡರ್‌ನ ಮ್ಯಾನೇಜರ್ ರೇಗಿದ.

"ನೀವೇ ದಾಟಿಸಿ ಸಾರ್, ನಾನು ಗೇಟು ಕಾಯ್ತೀನಿ," ಎಂದು ಗೇಟಕ್ಕ ಕೋಲನ್ನು ಅವನ ಕೈಗೇ ಕೊಟ್ಟರು. ಮಕ್ಕಳು ಕಿಸಕ್ಕನೆ ನಕ್ಕವು. ಅವತ್ತೇ ಕೆಲಸ ಹೋಯಿತು.

ಮರುದಿನ ತಾಯಂದಿರು ಗೇಟಿಗೆ ಅಡ್ಡ ನಿಂತರು. ಎರಡನೇ ಹಂತದ ಮನೆ ನೋಡಲು ಬಂದ ಗಿರಾಕಿಗಳ ಕಾರುಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಸಂಜೆಯೊಳಗೆ ಕೆಲಸ ವಾಪಸ್! ಬಿಲ್ಡರ್ ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಏನೆಲ್ಲ ಆಗುತ್ತದೆ ನೋಡಿ. ಸೇತುವೆಗೆ ಮಾತ್ರ ಮನಸ್ಸಿಲ್ಲ.

ಧೈರ್ಯವಂತೆ ಎಂದು ಹೊಗಳಿದರೆ ಗೇಟಕ್ಕನಿಗೆ ಸಿಟ್ಟು. "ಧೈರ್ಯ ಎಲ್ಲಿಂದ ಬಂತು? ದಿನಾ ಹೆದರ್ಕೊಂಡೇ ರಸ್ತೆಗಿಳೀತೀನಿ. ನನ್ನ ಹೊಗಳ್ಕೊಂಡು ಎಲ್ರೂ ಸೇತುವೆ ಮರೆತುಬಿಟ್ರು. ನೀವೂ ನನ್ನ ಬಗ್ಗೆ ಕಮ್ಮಿ ಬರೀರಿ, ಅದರ ಬಗ್ಗೆ ಬರೀರಿ."

ಆಸೆ ಏನು ಎಂದು ಕೇಳಿದರೆ ರಸ್ತೆಯ ಮೇಲಿನ ಖಾಲಿ ಜಾಗಕ್ಕೆ ಕೋಲು ತೋರಿಸುತ್ತಾರೆ.

"ಬೆಳಿಗ್ಗೆ ಗೇಟಲ್ಲಿ ಕೂತು ಬಿಸಿ ಟೀ ಕುಡೀತಿರ್ಬೇಕು. ಮಕ್ಕಳು ಅಲ್ಲಿ, ಮೇಲಿಂದ, ನನಗೆ ಟಾಟಾ ಮಾಡ್ಕೊಂಡು ಹೋಗ್ಬೇಕು."