ಲಲಿತಕ್ಕನ ಹಲಗೆ ಗೋಡೆಗೆ ಇನ್ನೊಂದು ಕೋಟ್

ಗೋಳಿಬಜೆ ಪ್ರಿಯರೇ, ಇವತ್ತು ಪುಂಜಾಲಕಟ್ಟೆಯ ಲಲಿತಕ್ಕನ ತಿಂಡಿ ಅಂಗಡಿಯಲ್ಲಿ ಒಲೆ ಹಚ್ಚಿರಲಿಲ್ಲ. ಒಲೆಯ ಪಕ್ಕದ ಹಲಗೆ ಗೋಡೆಗೆ ಹೋದ ವಾರ ಬೆಂಕಿ ತಗಲಿ ಹೇಗೋ ಆರಿತ್ತು. ಹಾಗಾಗಿ ಪೈಂಟರ್ ಸಂಜೀವಣ್ಣ ಬೆಂಕಿ ತಡೆಯುವ ಪುಡಿಯೊಂದನ್ನು ಪೈಂಟಿಗೆ ಬೆರೆಸುತ್ತಾ ಕೂತಿದ್ದರು.

“ಇನ್ನು ಬೆಂಕಿ ಹಿಡಿಯುವುದೇ ಇಲ್ಲ ಅಕ್ಕ, ಡಬ್ಬಿಯಲ್ಲೇ ಬರೆದುಂಟು,” ಎಂದೆ ನಾನು, ಎಲ್ಲ ಬಲ್ಲವನಂತೆ.

ಸಂಜೀವಣ್ಣನಿಗೆ ಸಿಟ್ಟು ಬಂತು. “ಡಬ್ಬಿ ಓದಿದವರು ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ.”

ಮೊದಲೇ ಇದೇ ಪೈಂಟ್ ಬಳಿದು ಒಣಗಿಸಿಟ್ಟಿದ್ದ ಒಂದು ಹಲಗೆ ತುಂಡು, ಬಳಿಯದ ಇನ್ನೊಂದು ತುಂಡು, ಎರಡನ್ನೂ ಅಂಗಳದಲ್ಲಿ ನಿಲ್ಲಿಸಿ ಗ್ಯಾಸ್ ಟಾರ್ಚಿನ ಉರಿ ಹಿಡಿದರು. ಬರೀ ಹಲಗೆ ಭಗ್ಗನೆ ಹೊತ್ತಿಕೊಂಡಿತು. ಪೈಂಟಿನದು ಹಪ್ಪಳದ ಹಾಗೆ ಉಬ್ಬಿ, ಕಪ್ಪಾಗಿ, ಬಹಳ ಹೊತ್ತು ತಡೆಯಿತು. ಅವರು ಟಾರ್ಚ್ ತೆಗೆಯಲಿಲ್ಲ. ಕೊನೆಗೆ ಅದರ ಅಂಚೂ ಹೊತ್ತಿತು.

ತನ್ನ ಕೆಲಸ ಎಲ್ಲಿ ಸೋಲುತ್ತದೆಂದು ಗಿರಾಕಿಗೆ ತಾನೇ ತೋರಿಸುವ ಕೆಲಸಗಾರನನ್ನು ನಾನು ಇದುವರೆಗೆ ಕಂಡಿರಲಿಲ್ಲ.

“ನೋಡಿ ಅಕ್ಕ, ಹಿಡಿಯುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ತಡವಾಗಿ ಹಿಡೀತದೆ. ನಿಮಗೆ ಹೊರಗೆ ಓಡ್ಲಿಕ್ಕೆ ಸಮಯ ಸಿಗ್ತದೆ.”

ಲಲಿತಕ್ಕ ಯೋಚಿಸಿದರು. “ಗ್ಯಾಸ್ ಬಂದ್ ಮಾಡಿ ಓಡ್ಲಿಕ್ಕೆ ಸಾಕು. ಆದ್ರೆ ತಿನ್ನುವವರನ್ನೂ ಎಬ್ಬಿಸ್ಬೇಕಲ್ಲ? ಇವರು ಪ್ಲೇಟ್ ಖಾಲಿ ಆಗದೆ ಏಳುವವರಲ್ಲ,” ಎಂದು ನನ್ನತ್ತ ಕೈ ತೋರಿದರು.

ಸಂಜೀವಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದರು. “ಹಾಗಾದ್ರೆ ಇನ್ನೊಂದು ಕೋಟ್ ಹೊಡೆಯುವ.”

ನಾಳೆಯೂ ಅಂಗಡಿ ಬಂದ್. ಕಾರಣ ನಾನೇ.