ಅತ್ತೆಯ ಪುಕ್ಕಟೆ ಪಾಠ

ನಮ್ಮ ಅತ್ತೆಗೆ ತಲೆ ಕೆಟ್ಟಿದೆ ಅಂತಲೇ ನಾನು ಮೊದಮೊದಲು ಅಂದ್ಕೊಂಡಿದ್ದೆ. ಇಲ್ಲದಿದ್ರೆ ಯಾವ ಟೈಲರ್ ತನ್ನ ಹೊಟ್ಟೆಪಾಡಿನ ವಿದ್ಯೇನ ಫೋನಿನಲ್ಲಿ ಕಂಡೋರಿಗೆಲ್ಲ ಹಂಚ್ತಾರೆ ಹೇಳಿ? ಮಧ್ಯಾಹ್ನ ಊಟ ಮುಗಿದ್ರೆ ಸಾಕು, ಅಂಗಡಿ ಕಿಟಕಿ ಪಕ್ಕ ಕೂತು, ಕನ್ನಡಕ ಮೂಗಿನ ತುದಿಗಿಳಿಸಿ, ಹೊಲಿಗೆಯವರ ಗುಂಪಿನಲ್ಲಿ ಯಾರ್ಯಾರದೋ ಪ್ರಶ್ನೆಗೆ ಉತ್ತರ ಬರೀತಾ ಇರ್ತಾರೆ. ಕಾಲರ್ ಯಾಕೆ ಮುದುಡುತ್ತೆ, ದಾರ ಯಾಕೆ ತುಂಡಾಗುತ್ತೆ, ತೋಳು ಹೇಗೆ ಕೂರಿಸೋದು. ಅಳತೆ ಸಮೇತ ಫೋಟೋ ಬೇರೆ. ಇತ್ತ ಗಿರಾಕಿ ಪ್ಯಾಂಟ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರೂ ಕಣ್ಣೆತ್ತಿ ನೋಡಲ್ಲ.

ಒಂದು ದಿನ ತಡೆಯೋಕಾಗದೆ ಕೇಳೇಬಿಟ್ಟೆ. "ಅತ್ತೆ, ಹೀಗೆ ಎಲ್ಲಾ ಧಾರೆ ಎರೀತಿದ್ದೀರಲ್ಲ, ನಿಮಗೇನು ಸಿಗುತ್ತೆ?"

ಅವರು ಫೋನಿಂದ ತಲೆ ಎತ್ತಲಿಲ್ಲ. "ನನ್ನ ತಂಗಿ ಸಿಗಬಹುದು," ಅಂದ್ರು.

ತಂಗಿ ಒಬ್ಬರಿದ್ದಾರೆ ಅನ್ನೋದು ನಂಗೆ ಗೊತ್ತಿತ್ತು, ಮನೇಲಿ ಅವರ ಮಾತೆತ್ತೋ ಹಾಗಿರಲಿಲ್ಲ ಅಷ್ಟೇ. ಅವರಮ್ಮ ತೀರಿಕೊಂಡ ಮೇಲೆ ಅಮ್ಮನ ಹೊಲಿಗೆ ಮಷೀನ್ ಯಾರಿಗೆ ಅಂತ ಅಕ್ಕತಂಗಿ ಕಿತ್ತಾಡಿದ್ರಂತೆ. ಸಿಟ್ಟಿನಲ್ಲಿ ಅತ್ತೆ, "ಇವತ್ತಿಂದ ನೀನು ನನ್ನ ಪಾಲಿಗೆ ಸತ್ತೆ," ಅಂದುಬಿಟ್ರಂತೆ. ತಂಗಿ ಮಷೀನೂ ಬೇಡ ಅಂತ ಬಿಟ್ಟು, ಊರೂ ಬಿಟ್ಟು, ನಂಬರನ್ನೂ ಬದಲಾಯಿಸಿದ್ರು.

"ಅವಳಿಗೆ ಬೇರೆ ಕಸುಬು ಬರಲ್ಲ. ಹೊಲಿಯೋಳು ಯಾವತ್ತಾದ್ರೂ ಒಂದು ಕಡೆ ಸಿಕ್ಕಿಹಾಕ್ಕೊಳ್ಳಲೇಬೇಕು. ಆಗ ಇಲ್ಲಿ ಬಂದು ಕೇಳ್ತಾಳೆ," ಅಂದ್ರು ಅತ್ತೆ. ಆಮೇಲಿಂದ ಮಧ್ಯಾಹ್ನದ ಗಿರಾಕಿಗಳನ್ನ ನಾನೇ ನೋಡ್ಕೊಳ್ಳೋಕೆ ಶುರು ಮಾಡಿದೆ.

ಹೋದ ತಿಂಗಳು ಗುಂಪಿಗೆ ಒಂದು ಫೋಟೋ ಬಂತು. ಕಳಿಸಿದವರ ಹೆಸರಿನ ಪಕ್ಕ ಮುಖ ಇಲ್ಲ, ಬರೀ ಹೂವಿನ ಚಿತ್ರ. ಲಂಗದ ಅಂಚು ಸೊಟ್ಟ ಬರ್ತಿದೆ, ಏನು ಮಾಡಲಿ ಅಂತ ಪ್ರಶ್ನೆ. ಅತ್ತೆ ಅಂಚು ನೋಡಲೇ ಇಲ್ಲ, ಗುಂಡುಸೂಜಿ ನೋಡಿದ್ರು. ಬಲಗೈಯವರು ಸೂಜಿಯ ತಲೆ ಬಲಕ್ಕೆ ಬರೋ ಹಾಗೆ ಚುಚ್ತಾರೆ, ಹೊಲೀತಾ ಹೊಲೀತಾ ಸಲೀಸಾಗಿ ಕೀಳೋಕೆ. ಈ ಫೋಟೋದಲ್ಲಿ ಎಲ್ಲ ತಲೆಯೂ ಎಡಕ್ಕಿತ್ತು, ಪಕ್ಕದಲ್ಲಿ ಕಾಣ್ತಿದ್ದ ಕತ್ತರಿ ಹಿಡಿದ ಕೈ ಮಾತ್ರ ಬಲಗೈ. ನಮ್ಮ ಅತ್ತೆಯದೂ ಅದೇ ಎಡವಟ್ಟು. ಅವರಮ್ಮ ಎಡಚಿ; ಮಕ್ಕಳಿಬ್ರೂ ಬಲಗೈಯವರಾದ್ರೂ ಅಮ್ಮನ್ನ ನೋಡಿ ಸೂಜಿ ಚುಚ್ಚೋದು ಕಲಿತೋರು.

"ಅವಳೇ ಕಣೆ," ಅಂದ್ರು.

"ನಂಬರ್ ಕೇಳಿ ಮತ್ತೆ," ಅಂದೆ.

"ಬೇಡ, ಹೆದರಿ ಓಡಿಹೋಗ್ತಾಳೆ."

ಯಾರೋ ಮೂರನೆಯವರಿಗೆ ಹೇಳೋ ಹಾಗೆ ಅಂಚಿನ ವಿಷಯವೆಲ್ಲ ಬರೆದ್ರು. ಜೊತೆಗೆ ತಾವೇ ಹೊಲೀತಿದ್ದ ಒಂದು ಲಂಗದ ಫೋಟೋ ಹಾಕಿದ್ರು, ಎಡಕ್ಕೆ ತಲೆ ಮಾಡಿದ ಸೂಜಿ ಕೀಳದೆ. ಅತ್ತ ಕಡೆಯಿಂದ ಉಸಿರಿಲ್ಲ. ವಾರಗಟ್ಟಲೆ ಅತ್ತೆ ಫೋನನ್ನ ಸೊಂಟದಿಂದ ಇಳಿಸಲಿಲ್ಲ, ಅನ್ನ ತಟ್ಟೆಯಲ್ಲೇ ಆರ್ತಿತ್ತು.

ನಿನ್ನೆ ಮತ್ತೆ ಅದೇ ಹೂವಿನ ಚಿತ್ರದಿಂದ ಪ್ರಶ್ನೆ ಬಂತು. "ಅಂಗಿ ಗುಂಡಿಗೆ ಕೈಯಲ್ಲಿ ಕಾಜ ಮಾಡೋದು ಹೇಗೆ? ನಂಗೆ ಬರಲ್ಲ."

ಅತ್ತೆ ಓದಿದವರೇ ಅಳೋಕೆ ಶುರು ಮಾಡಿದ್ರು. ಅಕ್ಕತಂಗಿ ಜೊತೆಗಿದ್ದ ಕಾಲದಲ್ಲಿ ಅಂಗಡಿಯ ಅಂಗಿಗಳಿಗೆಲ್ಲ ಕಾಜ, ಅಂದ್ರೆ ಗುಂಡಿ ತೂರಿಸೋ ಸೀಳು, ಮಾಡ್ತಿದ್ದೋರೇ ತಂಗಿಯಂತೆ. ಅತ್ತೆಯ ಕೈಗೆ ಆ ಕೆಲಸ ಇವತ್ತಿಗೂ ಒಗ್ಗಿಲ್ಲ, ನಾವು ಹೊರಗೆ ಕೊಟ್ಟು ಮಾಡಿಸ್ತೀವಿ.

ಸಾವಿರಾರು ಜನ ನೋಡೋ ಗುಂಪಿನಲ್ಲಿ, ಎಲ್ಲಾ ಬಲ್ಲ ಟೀಚರಮ್ಮ ಅಂತ ಹೆಸರು ಮಾಡಿರೋ ನಮ್ಮ ಅತ್ತೆ ಬರೆದದ್ದು ಇಷ್ಟೇ: "ನಂಗೂ ಬರಲ್ಲ ಪುಟ್ಟಿ. ನೀನೇ ಬಂದು ಮಾಡಿಕೊಡು."

ಉತ್ತರ ಇನ್ನೂ ಬಂದಿಲ್ಲ. ಇವತ್ತು ಅಂಗಡಿ ಮುಚ್ಚೋಣ ಅಂದ್ರೆ, "ಇನ್ನೊಂದು ಗಳಿಗೆ ಇರು," ಅಂತಾರೆ.