ಅಪ್ಪನಿಗೆ ಕ್ವೆಕ್‌ಕ್ವೆಕ್

ಅಪ್ಪ ತೀರಿಕೊಂಡಾಗ ನನಗೆ ಊರಿಗೆ ಹೋಗಲಾಗಲಿಲ್ಲ. ಕೆಲಸದ ಪರ್ಮಿಟ್ ನವೀಕರಣಕ್ಕೆ ಹೋಗಿತ್ತು. ಸ್ವೀಡನ್ ಬಿಟ್ಟರೆ ಮರಳಿ ಬರುವುದು ಖಾತ್ರಿಯಿರಲಿಲ್ಲ. ಉಡುಪಿಯಲ್ಲಿ ಅಣ್ಣ ಮಾಡಿದ ಕರ್ಮಗಳನ್ನೆಲ್ಲ ಇಲ್ಲಿ ಮೋಲ್ನ್‌ಡಾಲ್‌ನ ನಮ್ಮ ಅಡುಗೆಮನೆಯಲ್ಲಿ ಕೂತು ಫೋನಿನಲ್ಲಿ ನೋಡಿದೆ.

ಪಿಂಡ ಇಟ್ಟ ದಿನ ಕಾಗೆಗಳು ತೆಂಗಿನಮರದಲ್ಲೇ ಕೂತಿದ್ದವು, ಒಂದೂ ಇಳಿಯಲಿಲ್ಲ. ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಅಣ್ಣ ಕೈಮುಗಿದು ಹೇಳಿದ್ದೂ ಆಯಿತು. ಕೊನೆಗೆ ಪುರೋಹಿತರು ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿದರು.

"ಕಾಗೆ ಮುಟ್ಲಿಲ್ಲ ಮಾರಾಯ್ತಿ. ಅಪ್ಪನಿಗೆ ಎಂತ ಆಸೆ ಉಳ್ದಿತ್ತೋ ಏನೋ," ಎಂದ ಅಣ್ಣ.

ನನಗೆ ಗೊತ್ತಿದೆ ಅನಿಸಿತು. ಹೇಳಲಿಲ್ಲ. ನಮ್ಮದು ಈರುಳ್ಳಿಗೂ ವಾರ, ತಿಥಿ ನೋಡುವ ಮನೆ. ಅಪ್ಪ ಮಾತ್ರ ನನ್ನನ್ನು ಸಂಗೀತ ಪಾಠದಿಂದ ಕರೆತರುವಾಗ ಬಸ್‌ಸ್ಟ್ಯಾಂಡಿನ ಹಿಂದಿನ ಗಾಡಿಯಲ್ಲಿ ಮೊಟ್ಟೆ ಬೋಂಡಾ ತಿನ್ನುತ್ತಿದ್ದರು. ನನಗೂ ಅರ್ಧ ಕೊಟ್ಟು, ಬಾಯಿ ಒರೆಸಿ, ಇಬ್ಬರಿಗೂ ಏಲಕ್ಕಿ. ಹಾಸಿಗೆ ಹಿಡಿದ ಮೇಲೆ ಅದನ್ನು ಬಾಯಿಬಿಟ್ಟು ಕೇಳುವ ಹಾಗೂ ಇರಲಿಲ್ಲ ಅವರಿಗೆ.

ನಮ್ಮ ಕೆಳಗಿನ ಮನೆಯಲ್ಲಿ ಫಿಲಿಪೀನ್ಸಿನ ಹೆಂಗಸೊಬ್ಬರಿದ್ದರು, ವೃದ್ಧಾಶ್ರಮದಲ್ಲಿ ದಾದಿ. ಕಟ್ಟಡದ ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಮಡಚುತ್ತ ಪರಿಚಯವಾದವರು. ಅಲ್ಲೇ ಒಂದು ದಿನ ಅವರಿಗೆ ಎಲ್ಲ ಹೇಳಿಬಿಟ್ಟೆ, ಕಾಗೆಯ ವಿಷಯವನ್ನೂ. ಅವರು ನಗಲಿಲ್ಲ. ತಮ್ಮಲ್ಲೂ ಸತ್ತವರಿಗೆ ತಟ್ಟೆ ಇಡುತ್ತಾರಂತೆ. ಬೋಂಡಾ ಹೇಗಿರುತ್ತದೆ ಎಂದು ಕೇಳಿ ತಿಳಿದುಕೊಂಡು, ಅದು ತಮ್ಮೂರ ಬೀದಿಯಲ್ಲಿ ಮಾರುವ ಕ್ವೆಕ್‌ಕ್ವೆಕ್ಕೇ ಅಲ್ಲವೇ ಎಂದರು.

ಆ ಶನಿವಾರ ಗಂಡ ಮಗಳನ್ನು ಈಜಿಗೆ ಕರೆದೊಯ್ದಿದ್ದಾಗ ಅವರು ಬಂದರು. ಬೇಯಿಸಿದ ಲಾವಕ್ಕಿ ಮೊಟ್ಟೆ, ಕಿತ್ತಳೆ ಬಣ್ಣ ಕಲಸಿದ ಹಿಟ್ಟು, ಮೆಣಸು ನೆನೆಹಾಕಿದ ವಿನೆಗರ್. ಪುಟ್ಟ ಮೊಟ್ಟೆಗಳು ಎಣ್ಣೆಯಲ್ಲಿ ಉಬ್ಬಿ ಸಣ್ಣ ಕಿತ್ತಳೆಗಳಂತೆ ತೇಲಿದವು. ನಾನು ಕೈಚಾಚಿದಾಗ ತಡೆದರು; ಮೊದಲಿನದು ನಿನ್ನ ಅಪ್ಪನದು ಎಂದರು.

ಬಾಲ್ಕನಿಯ ಹಿಮದ ಮೇಲೆ ತಟ್ಟೆ ಇಟ್ಟೆವು. ಸ್ವಲ್ಪ ಹೊತ್ತಿಗೆ ಇಲ್ಲಿಯ ಬೂದು ಮೈಯ ಕಾಗೆಯೊಂದು ಕಂಬಿಯ ಮೇಲೆ ಬಂದು ಕೂತಿತು. ತಟ್ಟೆ ನೋಡಲಿಲ್ಲ. ಗಾಜಿನಾಚೆಯಿಂದ ನನ್ನನ್ನೇ ನೋಡಿತು.

"ನಿನ್ನ ಭಾಷೆಯಲ್ಲೇ ಮಾತಾಡು," ಎಂದರು ಅವರು ಮೆಲ್ಲಗೆ.

"ಅಪ್ಪ, ಯಾರೂ ನೋಡ್ತಾ ಇಲ್ಲ. ತಿನ್ನಿ."

ಕೆಳಗಿನ ಮನೆಯವರು ಎದ್ದು ಪರದೆ ಎಳೆದರು. ಗಾಜಿನ ಆಚೆ ಏನೋ ಕುಟುಕಿದ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ಪರದೆ ಸರಿಸಿದಾಗ ತಟ್ಟೆ ಖಾಲಿಯಿತ್ತು. ಅಪ್ಪ ಹೋದ ಮೇಲೆ ಅತ್ತದ್ದು ಅವತ್ತೇ. ಅವರು ಉಳಿದದ್ದನ್ನು ನನಗೆ ತಿನ್ನಿಸಿ, ಒಂದು ಮಾತೂ ಹೇಳದೆ ಹೊರಟುಹೋದರು. ಸಾವಿನ ಮನೆಯಿಂದ ಹೊರಡುವಾಗ ನಾವೂ "ಬರ್ತೇನೆ" ಅನ್ನುವುದಿಲ್ಲ. ನಾನು ಬಾಗಿಲವರೆಗೂ ಹೋಗಲಿಲ್ಲ.

ಬೇಸಗೆಯಲ್ಲಿ ಅವರು ಮಗನಿರುವ ಯೋನ್‌ಶೋಪಿಂಗ್ ಪಟ್ಟಣಕ್ಕೆ ಮನೆ ಬದಲಿಸಿದರು.

ಮೊನ್ನೆ ಮಗಳನ್ನು ಇಲ್ಲಿಯ ಶಿಶುವಿಹಾರ ದಾಗಿಸ್‌ನಿಂದ ಕರೆತಂದು ಬಾಗಿಲು ತೆಗೆದೆ. ಒಳಗೆ ಮೊಟ್ಟೆ ಕರಿದ ಬಿಸಿ ವಾಸನೆ. ಒಲೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಮಗಳು ಶೂ ಬಿಚ್ಚುತ್ತ, ಯಾರು ಅಡುಗೆ ಮಾಡುತ್ತಿದ್ದಾರೆ ಎಂದು ಸ್ವೀಡಿಷ್‌ನಲ್ಲಿ ಕೇಳಿದಳು. ಕೆಳಗಿನ ಮನೆಯವರು ಎಂದೆ. ಆ ಮನೆಗೆ ಇನ್ನೂ ಯಾರೂ ಬಂದಿಲ್ಲ.